ಆರ್ಚರ್ಡ್ ಸ್ಟ್ರೀಟ್, ನಂಬರ್ 97

ನ್ಯೂಜೆರ್ಸಿಯ ಎಡಿಸನ್ನಿನಲ್ಲಿರುವ ಮಗಳ ಮನೆಗೆ ಹೋದಾಗಲೆಲ್ಲ ನಮ್ಮ ನ್ಯೂಯಾರ್ಕ್ ದರ್ಶನ ಟೈಮ್ಸ್ ಸ್ಕ್ವೇರಿನಲ್ಲಿ ಆರಂಭವಾಗಿ ಅದರ ಆಸುಪಾಸಿನಲ್ಲಿಯೇ ಮುಗಿದುಹೋಗುತ್ತಿತ್ತು. ಕಳೆದ ಅಕ್ಟೋಬರಿನಲ್ಲಿ ನಾನೂ ನನ್ನ ಪತ್ನಿಯೂ ಬೇರೆ ದಾರಿ ಹಿಡಿದೆವು. ಮ್ಯಾನ್‌ಹಟನ್ನಿನ ಆಗ್ನೇಯ ಭಾಗದಲ್ಲಿ ಲೋಯರ್ ಈಸ್ಟ್ ಸೈಡ್ ಎಂಬ ಹಳೆಯ ಬಡಾವಣೆಯಿದೆ. ಅಲ್ಲಿ, ವಲಸೆ ಬಂದ ಬಡವರು ಬಾಡಿಗೆಗಿದ್ದ ಕಟ್ಟಡಗಳನ್ನೇ ಉಳಿಸಿಕೊಂಡು ಟೆನೆಮೆಂಟ್ ಮ್ಯೂಸಿಯಂ ಎಂಬ ವಸ್ತುಸಂಗ್ರಹಾಲಯವನ್ನು ಮಾಡಿದ್ದಾರೆ. ಅದನ್ನು ನೋಡುವ ಮೊದಲು ಆ ಜನ ಹಡಗಿನಿಂದ ಇಳಿದ ಜಾಗವನ್ನು ನೋಡಿಬಿಡಿ ಎಂದು ಮಗಳು ಸಲಹೆ ಕೊಟ್ಟು ಟಿಕೆಟುಗಳನ್ನೆಲ್ಲ ತಾನೇ ಕಾಯ್ದಿರಿಸಿದ್ದರಿಂದ ನಮ್ಮ ಪಾಲಿಗೆ ಉಳಿದದ್ದು ನಡೆಯುವುದು ಮತ್ತು ನೋಡುವುದು ಮಾತ್ರ.

ಮೊದಲ ದಿನ: ಎಲ್ಲಿಸ್ ದ್ವೀಪ

ಎಲ್ಲಿಸ್ ದ್ವೀಪಕ್ಕೆ ಮ್ಯಾನ್‌ಹಟನ್ನಿನ ಬ್ಯಾಟರಿ ಪಾರ್ಕಿನಿಂದ ದೋಣಿಗಳಿವೆ. ಆದರೆ ನ್ಯೂಜೆರ್ಸಿಯಲ್ಲಿ ಉಳಿದುಕೊಂಡವರಿಗೆ ಜರ್ಸಿ ಸಿಟಿಯ ಲಿಬರ್ಟಿ ಸ್ಟೇಟ್ ಪಾರ್ಕಿನಿಂದ ಹೊರಡುವುದೇ ಅನುಕೂಲ. ಬಿಸಿಲು ಚೆನ್ನಾಗಿದ್ದರೂ ಬಂದರಿನ ಗಾಳಿ ಸ್ವೆಟರಿನೊಳಗೆ ನುಗ್ಗುತ್ತಿತ್ತು. ದೋಣಿಯ ಮೇಲಟ್ಟದಲ್ಲಿ ನಿಂತರೆ ನೋಟ ಚೆನ್ನ ಎಂದು ಹತ್ತಿದವರೆಲ್ಲ ಐದೇ ನಿಮಿಷದಲ್ಲಿ ಕೆಳಗಿಳಿದು ಕಾಫಿಯ ಸಾಲಿನಲ್ಲಿ ನಿಂತಿದ್ದರು.

1892ರಿಂದ 1954ರವರೆಗೆ ಸುಮಾರು 1.2 ಕೋಟಿ ಜನ ಈ ದ್ವೀಪದ ಮೂಲಕ ಅಮೆರಿಕವನ್ನು ಪ್ರವೇಶಿಸಿದರು. ಒಂದನೆಯ ಮತ್ತು ಎರಡನೆಯ ದರ್ಜೆಯ ಪ್ರಯಾಣಿಕರನ್ನು ಹಡಗಿನಲ್ಲಿಯೇ ವಿಚಾರಿಸಿ ಕಳುಹಿಸಿಬಿಡುತ್ತಿದ್ದುದರಿಂದ ಇಲ್ಲಿಗೆ ಬಂದವರಲ್ಲಿ ಹೆಚ್ಚಿನವರು ಹಡಗಿನ ತಳದಲ್ಲಿ ಮಲಗಿ ಬಂದ ಅಗ್ಗದ ಟಿಕೆಟಿನವರು. ಗಂಟುಮೂಟೆ ಕೆಳಗಿಟ್ಟು ಮಹಡಿಯ ನೋಂದಣಿ ಸಭಾಂಗಣಕ್ಕೆ ಮೆಟ್ಟಿಲು ಹತ್ತುತ್ತಿರುವಾಗಲೇ ವೈದ್ಯರು ಅವರನ್ನು ಗಮನಿಸುತ್ತಿದ್ದರಂತೆ. ಏದುಸಿರು ಬಿಟ್ಟವರ ಕೋಟಿನ ಮೇಲೆ ಸೀಮೆಸುಣ್ಣದಿಂದ ಎಚ್ ಎಂದು ಬರೆದರೆ ಹೃದಯದ ತೊಂದರೆಯ ಗುಮಾನಿ, ಎಲ್ ಎಂದರೆ ಕುಂಟು, ಇ ಎಂದರೆ ಕಣ್ಣು. ಈಗಿರುವ ಮೆಟ್ಟಿಲುಗಳನ್ನು ಹತ್ತುವಾಗ ಮಂಡಿನೋವಿನ ನನ್ನ ಪತ್ನಿ ನಡುವೆ ಎರಡು ಸಲ ಕಟಕಟೆ ಹಿಡಿದು ನಿಂತಳು. "ನಿಮ್ಮ ಕೋಟಿಗೆ ಎಲ್ ಖಂಡಿತ, ಮೇಡಂ" ಎಂದು ಹಿಂದೆ ಬರುತ್ತಿದ್ದ ಮುದುಕರೊಬ್ಬರು ನಕ್ಕರು. ಒಹಾಯೋದಿಂದ ಬಂದಿದ್ದ ಅವರು ಅಲ್ಲಿನ ಕಂಪ್ಯೂಟರುಗಳಲ್ಲಿ ತಮ್ಮ ಅಜ್ಜಿಯ ಹೆಸರನ್ನು ಹುಡುಕಲು ಬಂದವರು. ಅಧಿಕಾರಿಗಳು ಇಲ್ಲಿ ಜನರ ಹೆಸರುಗಳನ್ನು ಬದಲಿಸುತ್ತಿದ್ದರು ಎಂಬ ಮಾತನ್ನು ಅವರು ಮನೆಯಲ್ಲಿ ಕೇಳಿಕೊಂಡೇ ಬೆಳೆದವರಾದರೂ ಅದು ನಿಜವಲ್ಲ. ಹೆಸರಿನ ಪಟ್ಟಿಗಳು ಹಡಗು ಹೊರಡುವ ಬಂದರಿನಲ್ಲಿಯೇ ತಯಾರಾಗುತ್ತಿದ್ದವು. ಇಲ್ಲಿನವರು ಅವನ್ನು ತಾಳೆ ನೋಡುತ್ತಿದ್ದರು, ಅಷ್ಟೇ.

ವಾಪಸು ಕಳುಹಿಸಲ್ಪಟ್ಟವರು ನೂರಕ್ಕೆ ಇಬ್ಬರು ಮಾತ್ರ. ಉಳಿದವರಲ್ಲಿ ಅನೇಕರು ರೈಲು ಹತ್ತಿ ಒಳನಾಡಿಗೆ ಹೋದರೆ, ನ್ಯೂಯಾರ್ಕಿನಲ್ಲಿಯೇ ನಿಂತ ಬಡವರು ಹೋಗಿ ಸೇರಿಕೊಳ್ಳುತ್ತಿದ್ದ ಜಾಗಗಳಲ್ಲಿ ಮುಖ್ಯವಾದದ್ದು ನಾವು ಮರುದಿನ ನೋಡಲಿದ್ದ ಕೇರಿ.

ಎರಡನೆಯ ದಿನ: ತೊಂಬತ್ತೇಳರ ಮೆಟ್ಟಿಲು

ಬೆಳಗಿನಿಂದಲೇ ಸಣ್ಣ ಮಳೆ. ಪೆನ್ ಸ್ಟೇಷನ್ನಿನಲ್ಲಿಳಿದು, ಒಂದಿಷ್ಟು ನಡೆದು ಎಫ್ ರೈಲು ಹಿಡಿದರೆ ಅದು ಡಿಲಾನ್ಸಿ ಸ್ಟ್ರೀಟಿನಲ್ಲಿ ಇಳಿಸುತ್ತದೆ. ನೆಲದಡಿಯಿಂದ ಮೇಲೆ ಬಂದ ಕೂಡಲೇ ವಿಲಿಯಮ್ಸ್‌ಬರ್ಗ್ ಸೇತುವೆಯ ಕಡೆಯಿಂದ ಬೀಸಿದ ಗಾಳಿ ನಮ್ಮ ಕೊಡೆಯನ್ನು ತಿರುವುಮುರುವು ಮಾಡಿ ಅದರ ಎರಡು ಕಡ್ಡಿಗಳನ್ನು ಮುರಿದುಹಾಕಿತು. ಪಕ್ಕದಲ್ಲಿ ಗಾಡಿಯಲ್ಲಿ ಹಣ್ಣು ಮಾರುತ್ತಿದ್ದ ಸಿಲ್ಹೆಟ್ ಕಡೆಯ ಬಾಂಗ್ಲಾದೇಶಿ ಯುವಕ, ನಾವು ಕೇಳುವ ಮೊದಲೇ, ಗಾಡಿಯ ಕೆಳಗಿನಿಂದ ಪ್ಲಾಸ್ಟಿಕ್ ಮಳೆಯಂಗಿಯ ಎರಡು ಪೊಟ್ಟಣಗಳನ್ನು ತೆಗೆದು ಕೊಟ್ಟು, ಹಿಂದಿಯಲ್ಲಿ, "ಆಂಟೀ, ಈ ಊರಿನಲ್ಲಿ ಛತ್ರಿ ನಂಬಬಾರದು" ಎಂದ. ದುಡ್ಡು ಬೇಡವೆಂದವನಿಂದ ಬಾಳೆಹಣ್ಣು ಕೊಂಡೆವು.

ಎದುರಿಗಿರುವ ಎಸೆಕ್ಸ್ ಮಾರ್ಕೆಟ್ಟಿನಲ್ಲಿ ಕುಳಿತು ತಿಂಡಿ ಮುಗಿಸಿದೆವು. ಬೀದಿಯಲ್ಲಿ ತಳ್ಳುಗಾಡಿಯವರು ಕಿಕ್ಕಿರಿದಿದ್ದ ಕಾಲದಲ್ಲಿ, ಅವರನ್ನು ಸೂರಿನಡಿಗೆ ತರಬೇಕೆಂದು ಮೇಯರ್ ಲಾ ಗ್ವಾರ್ಡಿಯಾ 1940ರಲ್ಲಿ ತೆರೆಸಿದ ಮಾರುಕಟ್ಟೆಯಿದು. 2019ರಲ್ಲಿ ಈಗಿನ ಹೊಸ ಕಟ್ಟಡಕ್ಕೆ ಬಂದಿದೆ. ಮ್ಯೂಸಿಯಮ್ಮಿನ ಹಳೆಯ ಕಟ್ಟಡದಲ್ಲಿ ಲಿಫ್ಟ್ ಇಲ್ಲ, ಒಮ್ಮೆ ಒಳಹೊಕ್ಕರೆ ಒಂದು ಗಂಟೆಗೂ ಮೀರಿ ನಿಂತೇ ಇರಬೇಕಾಗುತ್ತದೆ. ಆದ್ದರಿಂದ ಹೊಟ್ಟೆ ಮತ್ತು ಕಾಲುಗಳ ವ್ಯವಸ್ಥೆಯನ್ನು ಇಲ್ಲಿಯೇ ಮಾಡಿಕೊಳ್ಳುವುದು ಒಳ್ಳೆಯದು. ಮಾರ್ಗದರ್ಶಿಯಿಲ್ಲದೆ ಮನೆಗಳೊಳಗೆ ಬಿಡುವುದಿಲ್ಲ. ಒಂದು ಸುತ್ತಿನಲ್ಲಿ ಒಂದೋ ಎರಡೋ ಕುಟುಂಬಗಳ ಮನೆಗಳನ್ನಷ್ಟೇ ತೋರಿಸುವುದರಿಂದ ಯಾರ ಮನೆಯನ್ನು ನೋಡಬೇಕೆಂದು ಮೊದಲೇ ಆರಿಸಿಕೊಳ್ಳಬೇಕು. ಟಿಕೆಟ್ ಅಗ್ಗವೇನಲ್ಲ, ನಾವು ಬೆಳಿಗ್ಗೆ ಒಂದು, ಮಧ್ಯಾಹ್ನ ಇನ್ನೊಂದು ಸುತ್ತು ತೆಗೆದುಕೊಂಡೆವು.

ಮ್ಯೂಸಿಯಮ್ಮಿನ ಹಳೆಯ ಕಟ್ಟಡವಾದ ಆರ್ಚರ್ಡ್ ಸ್ಟ್ರೀಟಿನ ನಂಬರ್ 97 ಕೆಂಪು ಇಟ್ಟಿಗೆಯ, ನೆಲಮಾಳಿಗೆಯ ಮೇಲೆ ಐದು ಅಂತಸ್ತುಗಳ ಕಟ್ಟಡ. 1863ರಲ್ಲಿ ಅದನ್ನು ಕಟ್ಟಿಸಿದ ಲ್ಯೂಕಸ್ ಗ್ಲಾಕ್ನರ್ ಕೂಡ ಜರ್ಮನ್ ನಾಡಿನಿಂದ ವಲಸೆ ಬಂದ ದರ್ಜಿಯೇ. ಆಗ ಈ ಪ್ರದೇಶಕ್ಕೆ ಕ್ಲೈನ್‌ಡಾಯ್ಚ್‌ಲಾಂಡ್, ಅಂದರೆ ಪುಟ್ಟ ಜರ್ಮನಿ, ಎಂದೇ ಹೆಸರಿತ್ತು. ಪ್ರತಿ ಅಂತಸ್ತಿಗೆ ನಾಲ್ಕರಂತೆ ಇಪ್ಪತ್ತು ಮನೆಗಳು. ಒಂದೊಂದೂ ಸುಮಾರು 325 ಚದರ ಅಡಿ: ಒಂದು ಹಜಾರ, ಒಂದು ಅಡುಗೆಮನೆ, ಒಂದು ಮಲಗುವ ಕೋಣೆ. 1863ರಿಂದ 1935ರವರೆಗೆ ಇಪ್ಪತ್ತಕ್ಕೂ ಹೆಚ್ಚು ದೇಶಗಳ ಸುಮಾರು 7,000 ಜನ ಇಲ್ಲಿ ಬದುಕಿ ಹೋಗಿದ್ದಾರೆಂದು ಅಂದಾಜು. ಮೈಸೂರಿನಲ್ಲಿ ನಾನು ಹುಟ್ಟಿ ಬೆಳೆದ ವಠಾರದಲ್ಲಿಯೂ ಮನೆಗಳು ಇಷ್ಟೇ ಇಕ್ಕಟ್ಟಾಗಿದ್ದವು, ನಲ್ಲಿಯೂ ಕಕ್ಕಸೂ ಎಲ್ಲರಿಗೂ ಸೇರಿದ್ದವು. ಆದರೆ ನಮಗೆ ಬಾಗಿಲು ತೆರೆದರೆ ಅಂಗಳವೂ ಆಕಾಶವೂ ಇದ್ದವು. ಇಲ್ಲಿ ಬಾಗಿಲು ತೆರೆದರೆ ಸಿಗುತ್ತಿದ್ದುದು ಕಿಟಕಿಯಿಲ್ಲದ ಓಣಿ.

ಆ ಓಣಿಗೆ ನಾವು ಕಾಲಿಟ್ಟಾಗ ಮಾರ್ಗದರ್ಶಿಯಾದ ಯುವತಿ ಬೇಕೆಂದೇ ಬಾಗಿಲನ್ನು ಮುಚ್ಚಿದಳು. ಕಣ್ಣು ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು. ಸವೆದ ಮರದ ಮೆಟ್ಟಿಲುಗಳ ನಡುಭಾಗ ತಗ್ಗಾಗಿತ್ತು. ಕಟಕಟೆಯ ಮರ ಕೈಯ ಎಣ್ಣೆಗೆ ನುಣುಪಾಗಿತ್ತು. "ಈಗ ಒಂದು ಕೈಯಲ್ಲಿ ನೀರಿನ ಬಕೆಟ್, ಇನ್ನೊಂದರಲ್ಲಿ ಕಲ್ಲಿದ್ದಲು ಹಿಡಿದಿದ್ದೀರೆಂದುಕೊಳ್ಳಿ" ಎಂದಳು. ಆರಂಭದ ವರ್ಷಗಳಲ್ಲಿ ಕೊಳಾಯಿಯೂ ಶೌಚಗುಂಡಿಗಳೂ ಹಿತ್ತಲಿನಲ್ಲಿ ಮಾತ್ರ ಇದ್ದವು. ಐದನೆಯ ಅಂತಸ್ತಿನ ಹೆಂಗಸು ಕುಡಿಯಲು, ಅಡುಗೆಗೆ, ಬಟ್ಟೆಗೆ, ಮಗುವಿನ ಸ್ನಾನಕ್ಕೆ ಬೇಕಾದಷ್ಟನ್ನೂ ಹೊತ್ತೇ ತರಬೇಕಿತ್ತು, ಬಳಸಿದ ಕೊಳಕು ನೀರನ್ನು ಮತ್ತೆ ಹೊತ್ತು ಇಳಿಸಬೇಕಿತ್ತು. ನನ್ನ ಪತ್ನಿ ಮೊದಲ ಅಂತಸ್ತಿನಲ್ಲಿಯೇ, "ಒಗೆದ ಬಟ್ಟೆಯನ್ನು ಎಲ್ಲಿ ಒಣಹಾಕುತ್ತಿದ್ದರು?" ಎಂದು ಕೇಳಿದಳು. ಮಾರ್ಗದರ್ಶಿಗೆ ಪ್ರಶ್ನೆ ಹಿಡಿಸಿತೆಂದು ಕಾಣುತ್ತದೆ. ಹಿಂಬದಿಯ ಕಿಟಕಿಗೆ ಕರೆದೊಯ್ದು, ಹಿತ್ತಲಿನ ಮೇಲೆ ಈ ಗೋಡೆಯಿಂದ ಆ ಕಂಬಕ್ಕೆ ಹಗ್ಗಗಳು ಹೇಗೆ ಹಾದುಹೋಗುತ್ತಿದ್ದವು, ಒದ್ದೆ ಬಟ್ಟೆಯನ್ನು ಸಿಕ್ಕಿಸಿ ರಾಟೆಯ ಮೇಲೆ ಹಗ್ಗವನ್ನು ಹೇಗೆ ಎಳೆಯುತ್ತಿದ್ದರು ಎಂಬುದನ್ನು ಕೈಯಾಡಿಸಿ ತೋರಿಸಿದಳು.

ನಾವು ಮೊದಲು ಹೊಕ್ಕದ್ದು ಗುಂಪರ್ಟ್ಜ್ ಕುಟುಂಬದ ಮನೆ. ನಥಾಲಿ ಗುಂಪರ್ಟ್ಜ್ ಜರ್ಮನ್ ಯಹೂದಿ ಹೆಂಗಸು. 1873ರ ಆರ್ಥಿಕ ಕುಸಿತದಿಂದ ಎಲ್ಲೆಡೆ ಕೆಲಸ ಹೋಗುತ್ತಿದ್ದ ಕಾಲದಲ್ಲಿ, 1874ರ ಅಕ್ಟೋಬರಿನ ಒಂದು ದಿನ ಆಕೆಯ ಗಂಡ ಜೂಲಿಯಸ್ ಮನೆ ಬಿಟ್ಟು ಹೋದವನು ಮತ್ತೆ ಬರಲಿಲ್ಲ. ಮಕ್ಕಳನ್ನು ಕಟ್ಟಿಕೊಂಡು ಆಕೆ ಇದೇ ಹಜಾರದಲ್ಲಿ ಹೆಂಗಸರ ಉಡುಪು ಹೊಲಿಯಲು ಕುಳಿತಳು. ಒಂಬತ್ತು ವರ್ಷಗಳ ನಂತರ ಗಂಡನಿಗೆ ಅವನ ತಂದೆಯ ಕಡೆಯಿಂದ 600 ಡಾಲರ್ ಆಸ್ತಿ ಬರುವುದಿತ್ತು. ಅದನ್ನು ಪಡೆಯಲು 1883ರಲ್ಲಿ ಆಕೆ ನ್ಯಾಯಾಲಯಕ್ಕೆ ಹೋಗಿ ಗಂಡ ಸತ್ತಿದ್ದಾನೆಂದು ಘೋಷಿಸುವಂತೆ ಕೇಳಿಕೊಳ್ಳಬೇಕಾಯಿತು. ಆಕೆಯ ಬದುಕಿನ ಈ ವಿವರಗಳು ನಮಗೆ ಗೊತ್ತಾಗಿರುವುದು ಆ ದಾವೆಯ ಕಾಗದಗಳು ಉಳಿದಿರುವುದರಿಂದಲೇ. ಕಿಟಕಿಯ ಬಳಿ ಹೊಲಿಗೆ ಯಂತ್ರ, ಮೇಜಿನ ಮೇಲೆ ಬಟ್ಟೆಯ ತುಂಡುಗಳು, ಗುಂಡುಸೂಜಿಗಳು. ಯಂತ್ರವನ್ನು ಕಿಟಕಿಗೆ ಎಷ್ಟು ಹತ್ತಿರ ಇಟ್ಟಿದ್ದಾರೆಂದರೆ ಕೂತವಳ ಮೊಣಕೈ ಚೌಕಟ್ಟಿಗೆ ತಾಗಬೇಕು. ಮೂರು ಕೋಣೆಗಳಲ್ಲಿ ಹೊರಗಿನ ಬೆಳಕು ನೇರವಾಗಿ ಬೀಳುತ್ತಿದ್ದುದು ಈ ಒಂದಕ್ಕೆ ಮಾತ್ರ.

ಇಲ್ಲಿಯೇ ನಾನು ಬಹಳ ಹೊತ್ತು ನೋಡಿದ್ದು, ಕಟ್ಟಡದಲ್ಲಿ ಆಮೇಲೆ ಸೇರಿಕೊಂಡ ಒಂದು ವಿಚಿತ್ರವನ್ನು. ಹಜಾರಕ್ಕೂ ಅಡುಗೆಮನೆಗೂ ನಡುವಿನ ಗೋಡೆಯಲ್ಲಿ ಗಾಜಿನ ಕಿಟಕಿಯೊಂದಿದೆ. ಅದು ಮನೆಯ ಒಳಗಿನಿಂದ ಮನೆಯ ಒಳಕ್ಕೇ ತೆರೆಯುತ್ತದೆ. ಒಳಕೋಣೆಗಳ ಕತ್ತಲೆಯೂ ಕ್ಷಯರೋಗವೂ ಜೊತೆಗೂಡಿ ಹಬ್ಬುತ್ತಿವೆಯೆಂದು ಸುಧಾರಕರು ವರ್ಷಗಟ್ಟಲೆ ಗದ್ದಲ ಮಾಡಿದ ಮೇಲೆ, ಡೆನ್ಮಾರ್ಕಿನಿಂದ ತಾನೇ ವಲಸೆ ಬಂದಿದ್ದ ಪತ್ರಕರ್ತ ಜೇಕಬ್ ರೀಸ್ ಈ ಕೇರಿಗಳ ಒಳಗನ್ನು ಫ್ಲ್ಯಾಶ್ ಬೆಳಕಿನಲ್ಲಿ ಚಿತ್ರ ತೆಗೆದು ಊರಿಗೆಲ್ಲ ತೋರಿಸಿದ ಮೇಲೆ, 1901ರಲ್ಲಿ ನ್ಯೂಯಾರ್ಕ್ ರಾಜ್ಯ ಒಂದು ಬಿಗಿಯಾದ ಕಾನೂನನ್ನು ತಂದಿತು. ಬೆಳಕಿಲ್ಲದ ಕೋಣೆಗಳಿಗೆ ಕಿಟಕಿಯಿರಬೇಕು, ಎರಡು ಕುಟುಂಬಗಳಿಗೆ ಒಂದಾದರೂ ಶೌಚಾಲಯ ಕಟ್ಟಡದೊಳಗೆ ಇರಬೇಕು ಎಂಬುದು ಅದರ ಆದೇಶ. ಮಾಲೀಕ ಗೋಡೆ ಕೊರೆದು ಒಳಗಿಟಕಿ ಕೂರಿಸಿದ. ಓಣಿಯ ಮೂಲೆಯಲ್ಲಿ ಬೀರುವಿನಷ್ಟು ಜಾಗ ಕದ್ದು ಅಂತಸ್ತಿಗೆ ಎರಡು ಶೌಚಾಲಯ ಮಾಡಿಸಿದ. ಕಾನೂನು ಕೇಳಿದ್ದಕ್ಕಿಂತ ಒಂದು ಅಂಗುಲವನ್ನೂ ಹೆಚ್ಚಿಗೆ ಕೊಟ್ಟಂತೆ ಕಾಣಲಿಲ್ಲ. ಆ ಗಾಜಿನ ಮೂಲಕ ಬರುವ ಬೆಳಕು ಅಡುಗೆಮನೆಯ ಒಲೆಯನ್ನು ಮುಟ್ಟುವಷ್ಟರಲ್ಲಿ ಕಂದಿಹೋಗುತ್ತದೆ. ಹಾಗಿದ್ದರೂ, ಅದಿಲ್ಲದ ಮೊದಲ ನಾಲ್ಕು ದಶಕಗಳಲ್ಲಿ ಈ ಒಲೆಯ ಮುಂದೆ ನಿಂತವರಿಗೆ ಅಷ್ಟೂ ಇರಲಿಲ್ಲವಲ್ಲ!

ದುರಸ್ತಿ ಮಾಡದೆ ಹಾಗೆಯೇ ಬಿಟ್ಟಿರುವ ಮನೆಯೊಂದನ್ನೂ ತೋರಿಸಿದರು. ಅಲಂಕರಿಸಿದ ಮನೆಗಳಿಗಿಂತ ಅದೇ ನನಗೆ ಹೆಚ್ಚು ಹಿಡಿಸಿತು. ಗೋಡೆಕಾಗದ ಕಿತ್ತುಬಂದ ಕಡೆ ಅದರ ಕೆಳಗೆ ಇನ್ನೊಂದು, ಅದರ ಕೆಳಗೆ ಮತ್ತೊಂದು: ಕಂದು ಹೂಬಳ್ಳಿ, ಹಸಿರು ಗೆರೆ, ಮಾಸಿದ ಗುಲಾಬಿ. ಹೊಸ ಬಾಡಿಗೆದಾರ ಬಂದಾಗ ಹಳೆಯದನ್ನು ಕೀಳದೆ ಅದರ ಮೇಲೆಯೇ ಅಂಟಿಸಿಬಿಡುತ್ತಿದ್ದುದರಿಂದ ಗೋಡೆಯ ಅಂಚು ಹಳೆಯ ಲೆಕ್ಕದ ಪುಸ್ತಕದಂತೆ ದಪ್ಪಗಾಗಿತ್ತು. ಇದೆಲ್ಲ ಉಳಿದಿರುವುದು ಯಾರ ಕಾಳಜಿಯಿಂದಲೂ ಅಲ್ಲ. 1935ರಲ್ಲಿ, ಹೊಸ ಕಟ್ಟಡ ನಿಯಮಗಳಿಗೆ ತಕ್ಕಂತೆ ಖರ್ಚು ಮಾಡುವ ಬದಲು, ಆಗಿನ ಮಾಲೀಕ ಬಾಡಿಗೆದಾರರನ್ನು ಹೊರಗೆ ಕಳುಹಿಸಿ ಮೇಲಿನ ಅಂತಸ್ತುಗಳನ್ನು ಮುಚ್ಚಿಸಿ ಕೆಳಗಿನ ಅಂಗಡಿಗಳ ಬಾಡಿಗೆಯನ್ನಷ್ಟೇ ಇಟ್ಟುಕೊಂಡ. ರೂತ್ ಏಬ್ರಮ್ ಮತ್ತು ಅನಿತಾ ಜೇಕಬ್ಸನ್ 1988ರಲ್ಲಿ ಮ್ಯೂಸಿಯಂ ಆರಂಭಿಸಿದಾಗ ಅರ್ಧ ಶತಮಾನದಿಂದ ಯಾರೂ ವಾಸಿಸದ ಮನೆಗಳು ಅವರಿಗೆ ಸಿಕ್ಕವು. ಮಾಲೀಕನ ಜಿಪುಣತನ ಮಾಡಿದ ಸಂರಕ್ಷಣೆಯನ್ನು ಯಾವ ಪುರಾತತ್ವ ಇಲಾಖೆಯೂ ಮಾಡಲಾರದು ಎಂದು ನನಗೆ ಅನ್ನಿಸಿತು.

ಮಧ್ಯಾಹ್ನದ ಸುತ್ತಿನಲ್ಲಿ ನೋಡಿದ್ದು ಸಿಸಿಲಿಯಿಂದ ಬಂದ ಬಾಲ್ಡಿಜಿ ಕುಟುಂಬದ ಮನೆ. ಅಡೋಲ್ಫೋ ಬಾಲ್ಡಿಜಿ ಊರಿನಲ್ಲಿ ನುರಿತ ಮರಗೆಲಸಗಾರ. 1930ರ ದಶಕದ ಆರ್ಥಿಕ ಮಹಾಕುಸಿತದಲ್ಲಿ ಉಪಕರಣಗಳ ಪೆಟ್ಟಿಗೆ ಹಿಡಿದು ಚಿಲ್ಲರೆ ಕೆಲಸಕ್ಕಾಗಿ ಬೀದಿ ಬೀದಿ ಅಲೆಯುತ್ತಿದ್ದ. ಅವನ ಮಗಳು ಜೋಸೆಫೀನ್ ವೃದ್ಧಾಪ್ಯದಲ್ಲಿ ಹೇಳಿದ ನೆನಪುಗಳ ಧ್ವನಿಮುದ್ರಣವನ್ನು ಅವಳು ಬಾಲ್ಯ ಕಳೆದ ಆ ಅಡುಗೆಮನೆಯಲ್ಲಿಯೇ ಕೇಳಿಸುತ್ತಾರೆ. ಅಡುಗೆಯ ಸಿಂಕಿನ ಪಕ್ಕದ ಆಳವಾದ ತೊಟ್ಟಿಯೇ ಬಟ್ಟೆ ಒಗೆಯುವ ಜಾಗ, ಅದೇ ಮಕ್ಕಳ ಸ್ನಾನದ ಜಾಗ. ತಾಯಿ ರೊಸಾರಿಯಾ ಎಲ್ಲವನ್ನೂ ಎಷ್ಟು ತಿಕ್ಕಿ ತೊಳೆಯುತ್ತಿದ್ದಳೆಂದರೆ ಜನ ಅದಕ್ಕೇ ಅವಳಿಗೊಂದು ಅಡ್ಡಹೆಸರಿಟ್ಟಿದ್ದರಂತೆ. ಸರ್ಕಾರದ ನೆರವಿನ ಚೀಸ್ ಬರುತ್ತಿದ್ದ ಮರದ ಪೆಟ್ಟಿಗೆಗೆ ಮಣ್ಣು ತುಂಬಿಸಿ ಹೂಬಳ್ಳಿ ಬೆಳೆಸಿದ್ದರೆಂದು ಕೇಳಿ ನನ್ನ ಪತ್ನಿಯ ಮುಖ ಅರಳಿತು. ಡಾಲ್ಡಾ ಡಬ್ಬಿಯ ತುಳಸಿ ಅವಳಿಗೆ ನೆನಪಾಗಿರಬೇಕು.

ಗುಂಪಿನಲ್ಲಿದ್ದ ಬ್ರೂಕ್ಲಿನ್ನಿನ ವೃದ್ಧೆಯೊಬ್ಬರು, ಲಿಥುವೇನಿಯಾದಿಂದ ಬಂದ ರೋಗರ್ಶೆವ್‌ಸ್ಕಿ ಕುಟುಂಬದ ಪ್ರಸ್ತಾಪ ಬಂದಾಗ ಮಾತಿಗಿಳಿದರು. ಆ ಮನೆಯ ಗಂಡುಮಕ್ಕಳು ಹಜಾರದ ಸೋಫಾದ ಮೇಲೆ ಸಾಲಾಗಿ ತಲೆಯಿಟ್ಟು, ಮೈಯನ್ನು ಎದುರಿಗೆ ಜೋಡಿಸಿದ ಕುರ್ಚಿಗಳ ಮೇಲೆ ಚಾಚಿ ಮಲಗುತ್ತಿದ್ದರಂತೆ. ಮನೆಯ ಯಜಮಾನ ಏಬ್ರಹಾಂ ಉಡುಪು ಕಾರ್ಖಾನೆಯಲ್ಲಿ ಇಸ್ತ್ರಿ ಹಾಕುವವನು, 1918ರಲ್ಲಿ ಕ್ಷಯದಿಂದ ತೀರಿಕೊಂಡ. ಹೆಂಡತಿ ಫ್ಯಾನಿ ಇದೇ ಕಟ್ಟಡದ ಕಸ ಗುಡಿಸಿ ನೋಡಿಕೊಳ್ಳುವ ಕೆಲಸಕ್ಕೆ ಸೇರಿದಳು. "ನನ್ನ ಚಿಕ್ಕಪ್ಪಂದಿರೂ ಹಾಗೆಯೇ ಮಲಗುತ್ತಿದ್ದರು, ನಡುವಿನ ಕುರ್ಚಿ ಜಾರಿದರೆ ಅವತ್ತು ಮನೆಯಲ್ಲಿ ಯುದ್ಧ" ಎಂದರು ಆ ವೃದ್ಧೆ. ಮಾರ್ಗದರ್ಶಿ ತನ್ನ ಮಾತನ್ನು ನಿಲ್ಲಿಸಿ ಅವರಿಗೆ ಸಮಯ ಬಿಟ್ಟುಕೊಟ್ಟದ್ದು ನನಗೆ ಬಹಳ ಮೆಚ್ಚುಗೆಯಾಯಿತು.

ಮೂರನೆಯ ದಿನ: ಉಪ್ಪಿನೀರು ಮತ್ತು ಹೊಲಿಗೆ ಯಂತ್ರ

ಭಾನುವಾರ ಮಳೆ ನಿಂತು ಆಕಾಶ ತೊಳೆದಿಟ್ಟಂತಿತ್ತು. ಈ ಭಾಗದ ಕೆಲವು ಯಹೂದಿ ಅಂಗಡಿಗಳು ಹಾಗೂ ಸಿನಗಾಗ್ (ಯಹೂದಿಗಳ ಪ್ರಾರ್ಥನಾ ಮಂದಿರ) ಮ್ಯೂಸಿಯಂ ಶನಿವಾರ ಮುಚ್ಚಿರುವುದರಿಂದ ಮಗಳು ನಮ್ಮನ್ನು ಬೇಕೆಂದೇ ಭಾನುವಾರ ಕರೆತಂದಿದ್ದಳು. ಹ್ಯೂಸ್ಟನ್ ಸ್ಟ್ರೀಟಿನ ಯೋನಾ ಶಿಮ್ಮೆಲ್ ಅಂಗಡಿ 1910ರಿಂದ ಅದೇ ಜಾಗದಲ್ಲಿದೆ. ಅಲ್ಲಿ ಸಿಗುವ ಕ್ನಿಶ್ ಎಂದರೆ ತೆಳ್ಳನೆಯ ಹಿಟ್ಟಿನ ಹೊದಿಕೆಯೊಳಗೆ ಆಲೂಗಡ್ಡೆ ಪಲ್ಯ ತುಂಬಿ ಬೇಯಿಸಿದ ಮುಷ್ಟಿಗಾತ್ರದ ತಿನಿಸು. ಸಸ್ಯಾಹಾರಿಗಳು ನಿಶ್ಚಿಂತೆಯಿಂದ ತಿನ್ನಬಹುದು. ಉಪ್ಪುಮೆಣಸು ಬಿಟ್ಟರೆ ಬೇರೆ ಖಾರವಿಲ್ಲ, ಒಂದಕ್ಕೇ ಹೊಟ್ಟೆ ತುಂಬುತ್ತದೆ. ಪತ್ನಿ ಚೀಲದಿಂದ ಚಟ್ನಿಪುಡಿಯ ಡಬ್ಬಿ ತೆಗೆದಾಗ ನಾನು ಗೋಡೆಯ ಚಿತ್ರಗಳನ್ನು ನೋಡುವವನಂತೆ ಎದ್ದುಹೋದೆ.

ಎಲ್ಡ್ರಿಜ್ ಸ್ಟ್ರೀಟಿನ ಸಿನಗಾಗ್ 1887ರಲ್ಲಿ ಪೂರ್ವ ಯುರೋಪಿನ ಯಹೂದಿಗಳು ಕಟ್ಟಿಸಿದ್ದು. ಇಕ್ಕಟ್ಟಿನ ಕೋಣೆಗಳಲ್ಲಿ ವಾರವಿಡೀ ಹೊಲಿಗೆ ಹೊಲಿದವರು ದೇವರ ಮನೆಗೆ ಮಾತ್ರ ಎತ್ತರದ ಚಾವಣಿ, ಬಣ್ಣದ ಗಾಜು, ಬೇಕಾದಷ್ಟು ಬೆಳಕು ಎಲ್ಲವನ್ನೂ ತಂದುಕೊಂಡಿದ್ದರು. ಹೊರಬಂದರೆ ಸುತ್ತಲೂ ಚೀನೀ ಫಲಕಗಳು, ಹಣ್ಣಿನಂಗಡಿಗಳು, ಬಾಡಿಗೆದಾರರು ಬದಲಾಗಿದ್ದಾರೆ.

ಈ ಬದಲಾವಣೆಯ ಕಥೆಯಿರುವುದು ಮ್ಯೂಸಿಯಮ್ಮಿನ ಎರಡನೆಯ ಕಟ್ಟಡವಾದ ನಂಬರ್ 103ರಲ್ಲಿ. ಯಹೂದಿ ನರಮೇಧದಿಂದ ಪಾರಾಗಿ ಬಂದ ಎಪ್‌ಸ್ಟೀನ್ ಕುಟುಂಬ, ಪೋರ್ಟೊರಿಕೋದಿಂದ ಬಂದ ಸಾಎಜ್ ವೆಲೆಜ್ ಕುಟುಂಬ, ಚೀನಾದ ವಾಂಗ್ ಕುಟುಂಬ, ಈ ಮೂವರೂ ಎರಡನೆಯ ಮಹಾಯುದ್ಧದ ನಂತರ ಈ ಒಂದೇ ಸೂರಿನಡಿ ಬಾಳಿದವರು. ವಾಂಗ್ ಮನೆಯ ತಾಯಿ ದುಡಿದಂತಹ ಚೈನಾಟೌನ್ ಉಡುಪು ಕಾರ್ಖಾನೆಯ ಮಾದರಿಯಲ್ಲಿ ಹೊಲಿಗೆ ಯಂತ್ರಗಳನ್ನು ಸಾಲಾಗಿ ಜೋಡಿಸಿದ್ದಾರೆ. ನಥಾಲಿ ಗುಂಪರ್ಟ್ಜ್ ಸೂಜಿ ಹಿಡಿದು ಸುಮಾರು ನೂರು ವರ್ಷಗಳಾದ ಮೇಲೆಯೂ ಇದೇ ಬೀದಿಯ ಹೆಂಗಸರನ್ನು ಸಾಕುತ್ತಿದ್ದುದು ಹೊಲಿಗೆಯೇ. 1982ರಲ್ಲಿ ಇಂಥ ಸುಮಾರು 20,000 ಚೀನೀ ಹೊಲಿಗೆ ಕಾರ್ಮಿಕರು, ಬಹುಪಾಲು ಹೆಂಗಸರು, ಮುಷ್ಕರ ಹೂಡಿ ಹತ್ತಿರದ ಕೊಲಂಬಸ್ ಪಾರ್ಕಿನಲ್ಲಿ ಸೇರಿ ತಮ್ಮ ಕಾರ್ಮಿಕ ಒಪ್ಪಂದವನ್ನು ಉಳಿಸಿಕೊಂಡರು.

ಯಾರು ಬರಬಹುದು, ಯಾರು ಬರಬಾರದು ಎಂಬ ಕಾನೂನುಗಳ ಮಾತೂ ಇಲ್ಲಿಯೇ ಬಂತು. 1917ರ ಕಾಯಿದೆ ಭಾರತವೂ ಸೇರಿದಂತೆ ಏಷ್ಯಾದ ಬಹುಭಾಗಕ್ಕೆ ಬಾಗಿಲು ಮುಚ್ಚಿತ್ತು. 1946ರಲ್ಲಿ ವರ್ಷಕ್ಕೆ ನೂರು ಭಾರತೀಯರಿಗೆ ಮಾತ್ರ ಅವಕಾಶವಾಯಿತು. ದೇಶವಾರು ಪಾಲಿನ ಹಳೆಯ ಪದ್ಧತಿಯನ್ನು 1965ರ ಕಾಯಿದೆ ರದ್ದು ಮಾಡಿದ ಮೇಲೆಯೇ ನಮ್ಮ ಡಾಕ್ಟರುಗಳೂ ಎಂಜಿನಿಯರುಗಳೂ ದೊಡ್ಡ ಸಂಖ್ಯೆಯಲ್ಲಿ ಹೋಗತೊಡಗಿದ್ದು. ನನ್ನ ಮಗಳು ಎಡಿಸನ್ನಿನಲ್ಲಿ ಮನೆ ಮಾಡಿರುವುದಕ್ಕೂ ವಾಂಗ್ ಮಕ್ಕಳು ಈ ಮನೆಯಲ್ಲಿ ಬೆಳೆದದ್ದಕ್ಕೂ ಬುಡದಲ್ಲಿರುವುದು ಬದಲಾದ ಅದೇ ಕಾನೂನುಗಳು. ಹೊರಗೆ ಗಾಜಿನ ಬಹುಮಹಡಿ ಕಟ್ಟಡಗಳೆದ್ದಿವೆ, ದುಬಾರಿ ಹೋಟೆಲುಗಳು ಬಂದಿವೆ. ಇವತ್ತು ಹಡಗಿನಿಂದಲೋ ವಿಮಾನದಿಂದಲೋ ಬರಿಗೈಯಲ್ಲಿ ಇಳಿದವನಿಗೆ ಆರ್ಚರ್ಡ್ ಸ್ಟ್ರೀಟಿನ ಬಾಡಿಗೆ ಎಟುಕುವಂತಿಲ್ಲ.

ಹಿಂತಿರುಗುವ ಮುನ್ನ ಗ್ರ್ಯಾಂಡ್ ಸ್ಟ್ರೀಟಿನಲ್ಲಿ ಪೀಪಾಯಿಗಳಿಂದ ತೆಗೆದು ಮಾರುವ ಸೌತೆಕಾಯಿ ಉಪ್ಪಿನಕಾಯಿ ಕೊಂಡೆವು. ಬೆಳ್ಳುಳ್ಳಿ ಹಾಕಿದ ಉಪ್ಪಿನೀರಿನಲ್ಲಿ ಅರ್ಧ ಹುಳಿತದ್ದು ಒಂದು ಬಗೆ, ಪೂರ್ತಿ ಹುಳಿತದ್ದು ಇನ್ನೊಂದು. ಅಂಗಡಿಯ ಹುಡುಗ ಎರಡನ್ನೂ ರುಚಿಗೆ ಕೊಟ್ಟು, ನಮ್ಮ ಮುಖ ನೋಡಿ, ಮೆಣಸಿನಕಾಯಿ ಹಾಕಿದ ಮೂರನೆಯದೊಂದನ್ನು ತಾನಾಗಿಯೇ ತಂದ. ಡಬ್ಬಿಯ ಮುಚ್ಚಳ ರೈಲಿನಲ್ಲಿ ಸಡಿಲಗೊಂಡು ಉಪ್ಪಿನೀರು ಚೀಲದೊಳಗಿದ್ದ ಶಾಲನ್ನು ನೆನೆಸಿ ಸೀಟಿನ ಮೇಲೂ ಇಳಿಯಿತು. ಎಡಿಸನ್ ಬರುವ ತನಕ ನಮ್ಮ ಸುತ್ತಿನ ನಾಲ್ಕು ಸೀಟುಗಳಲ್ಲಿ ಯಾರೂ ಕೂರಲಿಲ್ಲ. ಕೊಳ್ಳುವವರು ಎರಡು ಪ್ಲಾಸ್ಟಿಕ್ ಚೀಲ ಮೊದಲೇ ಜೊತೆಗಿಟ್ಟುಕೊಳ್ಳಿ.

ಅಂದು ಸಂಜೆ ಮಗಳ ಪಕ್ಕದ ಮನೆಯ ರಾಯರು ಕಾಫಿಗೆ ಬಂದಿದ್ದರು. 1970ರ ದಶಕದಲ್ಲಿ ಹಾಸನದಿಂದ ಬಂದ ಎಂಜಿನಿಯರು. ಮೊದಲ ವರ್ಷಗಳನ್ನು ಕ್ವೀನ್ಸ್‌ನ ಫ್ಲಶಿಂಗಿನಲ್ಲಿ, ಒಂದು ಕೋಣೆಯ ಮನೆಯಲ್ಲಿ ನಾಲ್ವರ ಜೊತೆ ಕಳೆದವರು. ಸೋಫಾ ಮತ್ತು ಕುರ್ಚಿಗಳ ಕಥೆ ಕೇಳಿ, "ನಮ್ಮಲ್ಲಿ ಕುರ್ಚಿಯೇ ಇರಲಿಲ್ಲ ಸಾರ್, ರಾತ್ರಿ ಪಾಳಿಯವನು ಎದ್ದ ಹಾಸಿಗೆಗೆ ಹಗಲು ಪಾಳಿಯವನು ಬೀಳುತ್ತಿದ್ದ" ಎಂದರು. ವಲಸೆ ಬಂದವರು ತಮ್ಮ ಮನೆಯ ಒಂದು ವಸ್ತುವಿನ ಚಿತ್ರವನ್ನೂ ಕಥೆಯನ್ನೂ ಕಳುಹಿಸಬಹುದಾದ ಯೋಜನೆಯೊಂದನ್ನು ಆ ಮ್ಯೂಸಿಯಂ ನಡೆಸುತ್ತಿದೆ, ಊರಿನಿಂದ ತಂದ ನಿಮ್ಮ ಕುಕ್ಕರಿನದನ್ನು ಕಳುಹಿಸಿ ಎಂದಳು ನನ್ನ ಮಗಳು. ರಾಯರು ಒಪ್ಪಲಿಲ್ಲ. "ಚಿತ್ರ ತೆಗೆಯೋಕೆ ಇವತ್ತು ಕೇಳ್ತಾರೆ, ನಾಳೆ ಕುಕ್ಕರನ್ನೇ ಕೇಳಿದರೆ? ಅದರಲ್ಲಿ ಈಗಲೂ ದಿನಾ ಬೇಳೆ ಬೇಯ್ತಿದೆಯಮ್ಮಾ" ಎಂದು ಲೋಟ ಕೆಳಗಿಟ್ಟು, ಮೊದಲು ಅದಕ್ಕೊಂದು ಗ್ಯಾಸ್ಕೆಟ್ ತರಿಸಿಕೊಡಲು ಸಾಧ್ಯವೇ ಎಂದು ನನ್ನನ್ನು ಕೇಳಿದರು.